ತಿಲಕವಿಟ್ಟ ಬೆಕ್ಕು

ಬೆಕ್ಕಿನ ಮೈ ಒಂದು ಪಕ್ಕಕ್ಕೆ. ಮುಖ ಮಾತ್ರ ನೇರವಾಗಿ ನಮ್ಮತ್ತ. ಬಾಯಲ್ಲಿ ಅಡ್ಡಲಾಗಿ ಕಚ್ಚಿಕೊಂಡ ಸಿಗಡಿ, ಹಣೆಯ ಮೇಲೆ ವೈಷ್ಣವ ತಿಲಕ. ಹಿಂದೆ ಮನೆಯಿಲ್ಲ, ಮರವಿಲ್ಲ, ಬರಿಯ ಕಾಗದ. ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಕತ್ತೆಯ ಕಾಳೀಘಾಟದ ಚಿತ್ರಕಾರರು ಜಲವರ್ಣದಲ್ಲಿ ಬರೆದ ಈ ಚಿತ್ರಕ್ಕೆ ಹಲವು ಪ್ರತಿಗಳುಂಟು. ಎಲ್ಲವೂ ಒಂದೇ ಮಟ್ಟದವಲ್ಲ. ಉತ್ತಮವಾದವುಗಳನ್ನು ಕಂಡವರು ಮುಗುಳ್ನಗದೆ ಮುಂದೆ ಸಾಗಲಾರರು.

ಇದನ್ನು ಬರೆದವರು ಬಂಗಾಳದ ಪಟುವಾಗಳು. ಉದ್ದನೆಯ ಚಿತ್ರಪಟವನ್ನು ಬಿಚ್ಚುತ್ತ, ಕಥೆಯನ್ನು ಹಾಡಿ ಹೇಳುತ್ತ ಊರೂರು ತಿರುಗುತ್ತಿದ್ದ ಜನ. ಅವರಲ್ಲಿ ಕೆಲವರು ಕಾಳಿಯ ಗುಡಿಯ ಬಳಿ ನೆಲೆ ನಿಂತರು. ಯಾತ್ರಿಕರಿಗೆ ಇಡೀ ಕಥೆ ಕೇಳುವಷ್ಟು ಪುರುಸೊತ್ತೆಲ್ಲಿ? ಪಟ ಹೋಗಿ ಬಿಡಿ ಹಾಳೆ ಬಂತು. ಗಿರಣಿಯ ಅಗ್ಗದ ಕಾಗದ. ಮನೆಯಲ್ಲಿ ಒಬ್ಬರು ರೇಖೆ ಎಳೆದರೆ ಇನ್ನೊಬ್ಬರು ಬಣ್ಣ ತುಂಬುವರು. ಬೆಲೆ ಪೈಸೆಗಳ ಲೆಕ್ಕದ್ದು. ಈ ಅವಸರವೇ ಅವರ ಕುಂಚಕ್ಕೆ ತಡವರಿಸದ ರೇಖೆಯನ್ನು ಕಲಿಸಿತು.

ಚಿತ್ರದ ಅರ್ಥವೇನೆಂದು ಕೇಳಿದರೆ ಸಿದ್ಧ ಉತ್ತರವೊಂದಿದೆ: ಡಾಂಭಿಕ ಭಕ್ತರ ವಿಡಂಬನೆ. ತಪ್ಪೇನಲ್ಲ. ಆದರೆ ಕಪಟ ತಪಸ್ವಿ ಬೆಕ್ಕು ನಮಗೆ ಹೊಸದೆ? ಮಹಾಭಾರತದ ಉದ್ಯೋಗಪರ್ವದಲ್ಲಿ ಅದರ ಕಥೆಯಿದೆ. ಮಾಮಲ್ಲಪುರದ ಏಳನೆಯ ಶತಮಾನದ ಬಂಡೆಯ ಮೇಲೆ ಅದು ಮುಂಗಾಲೆತ್ತಿ ತಪಸ್ಸಿಗೆ ನಿಂತಿದೆ. ಇಲಿಗಳು ಸುತ್ತ ಸೇರಿವೆ. ನಮ್ಮ ಗಾದೆಯ ಬೆಕ್ಕಂತೂ ಕಣ್ಣು ಮುಚ್ಚಿಕೊಂಡೇ ಹಾಲು ಕುಡಿಯುತ್ತದೆ. ಹಾಗಾದರೆ ಈ ಪಟುವಾ ಸ್ವಂತವಾಗಿ ತಂದುದೇನು?

ಅವನು ಬೆಕ್ಕಿನ ಕಣ್ಣು ತೆರೆಸಿದ್ದಾನೆ. ಮಾಮಲ್ಲಪುರದ ಬೆಕ್ಕು ನಟಿಸುತ್ತದೆ, ಗಾದೆಯ ಬೆಕ್ಕು ಅವಿತುಕೊಳ್ಳುತ್ತದೆ. ಕಾಳೀಘಾಟದ ಬೆಕ್ಕಿಗೆ ಎರಡೂ ಬೇಡ. ತಿಲಕವೂ ಇದೆ, ಸಿಗಡಿಯೂ ಇದೆ. ನೋಡಿಕೊಳ್ಳಿ ಎನ್ನುವಂತಿದೆ ಅದರ ನಿಲುವು. ತುಂಬಿದ ಮೈಯನ್ನು ಬಳಸಿ ಬಂದಿರುವ ಆ ರೇಖೆಯಲ್ಲಿ ಅಕ್ಕರೆಯಲ್ಲದೆ ತಿರಸ್ಕಾರವಿಲ್ಲ. ಚಿತ್ರ ಮಾರಾಟವಾದದ್ದೂ ಗುಡಿಯ ಬಾಗಿಲಲ್ಲೇ. ಕಾಳಿಯ ಚಿತ್ರವನ್ನು ಕೊಂಡ ಭಕ್ತನೇ ಇದನ್ನೂ ಕೊಂಡಿರಬೇಕು. ನಕ್ಕವನು ತನ್ನನ್ನೂ ಸೇರಿಸಿಕೊಂಡು ನಕ್ಕಿರಬೇಕು. ವಿಡಂಬನೆ ಪರರತ್ತ ಬೆರಳು ತೋರುತ್ತದೆ. ಇಲ್ಲಿರುವುದು ಅದಕ್ಕಿಂತ ಹಿರಿದಾದ ಹಾಸ್ಯವೆಂದು ನನ್ನ ಭಾವನೆ.

ಹೋಲಿಕೆಗೆ ಇದೇ ಚಿತ್ರಕಾರರ ಇನ್ನೊಂದು ವಸ್ತುವನ್ನು ನೋಡಬಹುದು. 1873ರಲ್ಲಿ ತಾರಕೇಶ್ವರದ ಮಹಂತನಿಂದ ಕೆಟ್ಟಳೆಂದು ಏಲೋಕೇಶಿ ಎಂಬ ಹೆಣ್ಣನ್ನು ಅವಳ ಗಂಡ ಮೀನು ಕೊಯ್ಯುವ ಈಳಿಗೆಯಿಂದ ಕೊಂದ. ಆ ಪ್ರಕರಣದ ಚಿತ್ರಗಳು ಬಹಳ ಬಂದವು. ಅವುಗಳ ಮೊನಚು ದೊಡ್ಡದು. ಆದರೆ ಇಂದು ವಿವರಣೆಯಿಲ್ಲದೆ ಅವು ನಮ್ಮೊಡನೆ ಮಾತಾಡವು. ಬೆಕ್ಕಿಗೆ ವ್ಯಾಖ್ಯಾನಕಾರನೇ ಬೇಕಿಲ್ಲ.

ಅಗ್ಗದ ಬಣ್ಣದ ಅಚ್ಚುಚಿತ್ರಗಳು ಬಂದವು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲೇ ಈ ಕಸುಬು ಮುಗಿಯಿತು. ಜಾನ್ ಲಾಕ್‌ವುಡ್ ಕಿಪ್ಲಿಂಗ್ ಕೂಡಿಸಿದ್ದ ಕಾಳೀಘಾಟ ಚಿತ್ರಗಳನ್ನು ಅವನ ಮಗ, ಸಾಹಿತಿ ರಡ್ಯಾರ್ಡ್ ಕಿಪ್ಲಿಂಗ್, 1917ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂಗೆ ಕೊಟ್ಟ. ಜಾಮಿನಿ ರಾಯ್ ಈ ರೇಖೆಯಿಂದ ಕಲಿತು ದೊಡ್ಡ ಹೆಸರಾದರು. ರೇಖೆ ಎಳೆದವರ ಹೆಸರುಗಳು ಮಾತ್ರ ಬಹುಮಟ್ಟಿಗೆ ಅಳಿದವು. ಕೊನೆಗಾಲದ ನಿವಾರಣ ಚಂದ್ರ ಘೋಷ್, ಕಾಳೀಚರಣ ಘೋಷ್ ಮುಂತಾದ ಕೆಲವು ಉಳಿದಿವೆ.

ಈ ಚಿತ್ರಗಳನ್ನು ‘ಸಂತೆಯ ಸರಕು’ ಎಂದು ಬದಿಗಿಡುವವರಿದ್ದಾರೆ. ಸರಕು ನಿಜ. ಆದರೆ ಸಂತೆಯಲ್ಲಿ ಚಿತ್ರಕ್ಕೆ ಪೀಠಿಕೆ ಬರೆಯುವವರಿಲ್ಲ. ದಾರಿಹೋಕನನ್ನು ಅದು ತಾನೇ ತಡೆದು ನಿಲ್ಲಿಸಬೇಕು. ಸಹೃದಯನೆಂದರೆ ಯಾರೆಂದು ನಾವು ತರಗತಿಯಲ್ಲಿ ಎಷ್ಟೋ ದಿನ ಪಾಠ ಹೇಳುತ್ತೇವೆ. ಕಾಳೀಘಾಟದ ಪಟುವಾ ಅವನನ್ನು ಗುಡಿಯಿಂದ ಹೊರಬರುವ ಜನರ ನಡುವೆ ಪ್ರತಿದಿನವೂ ಕಾಣುತ್ತಿದ್ದ.