ಪ್ರೇಮಭಿತ್ತಿ: ಒಂದು ವಿಮರ್ಶೆ

ಪ್ಯಾರಿಸ್ ನಗರದ ಮೋಂಮಾರ್ತ್ರ ಗುಡ್ಡದ ಇಳಿಜಾರಿನಲ್ಲಿ, ಅಬೆಸ್ ಚೌಕದ ಮಗ್ಗುಲಿಗೆ, ಕವಿ ಜೆಹಾನ್ ರಿಕ್ತುಸನ ಹೆಸರನ್ನು ಹೊತ್ತ ಚಿಕ್ಕದೊಂದು ಉದ್ಯಾನವಿದೆ. ಫ್ರೆದೆರಿಕ್ ಬಾರೋನ್ ಮತ್ತು ಕ್ಲೇರ್ ಕಿತೋ ಎಂಬ ಕಲಾವಿದರು 2000ದಲ್ಲಿ ಅಲ್ಲಿ ರಚಿಸಿದ ಪ್ರೇಮಭಿತ್ತಿಯು ಇಂದು ಪ್ರಣಯಿಗಳಿಗೆ ಯಾತ್ರಾಸ್ಥಳವೇ ಆಗಿದೆ. 'ನಾನು ನಿನ್ನನ್ನು ಪ್ರೀತಿಸುತ್ತೇನೆ' ಎಂಬ ಒಂದೇ ವಾಕ್ಯವನ್ನು ಅದರ ಮೇಲೆ 250 ಭಾಷೆಗಳಲ್ಲಿ 311 ಬಾರಿ ಬರೆಯಲಾಗಿದೆ. ಜನಪ್ರಿಯತೆಯೊಂದೇ ಕೃತಿಯ ಯೋಗ್ಯತೆಗೆ ಪ್ರಮಾಣವಾಗದು. ಜನಪ್ರಿಯವೆಂಬ ಕಾರಣಕ್ಕೆ ಅದನ್ನು ತಳ್ಳಿಹಾಕುವುದೂ ವಿಮರ್ಶೆಯೆನಿಸದು. ಆದುದರಿಂದ ಈ ಭಿತ್ತಿಯನ್ನು ಒಂದು ಪಠ್ಯವೆಂದೇ ಭಾವಿಸಿ ಪರಿಶೀಲಿಸಲು ನಾವು ಇಲ್ಲಿ ಯತ್ನಿಸುತ್ತೇವೆ.

ಮೊದಲು ಅದರ ರೂಪವನ್ನು ನೋಡೋಣ. ಬಾರೋನರು ಅನ್ಯಭಾಷಿಕರನ್ನು ಕಂಡು, ಈ ವಾಕ್ಯವನ್ನು ಅವರವರ ಕೈಯಿಂದಲೇ ಬರೆಯಿಸಿ ಸಂಗ್ರಹಿಸಿದರು. ಪೌರಸ್ತ್ಯ ಲಿಪಿಕಲೆಯಲ್ಲಿ ಪರಿಶ್ರಮವಿದ್ದ ಕಿತೋ ಅವರು ಆ ಹಸ್ತಾಕ್ಷರಗಳನ್ನು ಸಂಯೋಜಿಸಿದರು. ಸುಮಾರು 40 ಚದರ ಮೀಟರಿನ ಭಿತ್ತಿಯನ್ನು ಆವರಿಸಿರುವ, ಲಾವಾಶಿಲೆಗೆ ಎನಾಮಲ್ ಲೇಪಿಸಿ ಮಾಡಿದ 612 ನೀಲಿ ಬಿಲ್ಲೆಗಳಲ್ಲಿ ಪ್ರತಿಯೊಂದೂ 21 ಸೆಂಟಿಮೀಟರ್ ಅಗಲ, 29.7 ಸೆಂಟಿಮೀಟರ್ ಎತ್ತರವಿದೆ; ಎಂದರೆ, ನಾವು ನಿತ್ಯವೂ ಬರೆಯುವ ಕಾಗದದ ಹಾಳೆಯಷ್ಟೇ. ಇದು ಅತ್ಯಂತ ಉಚಿತವಾದ ಕಲ್ಪನೆ. ಓಲೆಯಲ್ಲಿ ಗುಟ್ಟಾಗಿ ಸಾಗಬೇಕಾದ ಮಾತು ಕಲ್ಲಿನ ಹಾಳೆಯಲ್ಲಿ ಬಯಲಿಗೆ ಬಂದು ನಿಂತಿದೆ.

ಆದರೆ ವಾಕ್ಯದ ವಿಷಯದಲ್ಲಿ ನಮಗೊಂದು ಆಕ್ಷೇಪವುಂಟು. ಒಂದೇ ವಾಕ್ಯ ಎಲ್ಲ ಭಾಷೆಗಳಲ್ಲಿಯೂ ಅದೇ ವಾಕ್ಯವಾಗಿ ಉಳಿಯುವುದೆಂದು ಈ ಭಿತ್ತಿ ನಂಬಿರುವಂತೆ ತೋರುತ್ತದೆ. ಕನ್ನಡವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. 'ಪ್ರೀತಿಸುತ್ತೇನೆ' ಎಂದಾಗ ಪ್ರೇಮವು ಕರ್ತೃವಿನ ಕ್ರಿಯೆ. ಎದುರಿನ ವ್ಯಕ್ತಿ ಅದರ ಕರ್ಮ. 'ನಿನಗೆ ಒಲಿದೆನು' ಎಂದಾಗಲಾದರೋ ದ್ವಿತೀಯೆಯ ಸ್ಥಾನದಲ್ಲಿ ಚತುರ್ಥಿ ಬರುತ್ತದೆ. ಪ್ರೇಮಿ ಹಿಡಿಯುವವನಲ್ಲ, ಬಾಗುವವನು. ಕ್ರಿಯೆಯೂ ಭೂತಕಾಲದ್ದು: ಆಗಬೇಕಾದುದು ಆಗಿಯೇ ಹೋಗಿದೆ, ಮಾತು ತಡವಾಗಿ ಅದನ್ನು ಒಪ್ಪಿಕೊಳ್ಳುತ್ತಿದೆ. ಇದಲ್ಲದೆ 'ನಿನ್ನ' ಎನ್ನಬೇಕೋ 'ನಿಮ್ಮ' ಎನ್ನಬೇಕೋ ಎಂಬಲ್ಲಿ ಮನೆತನ, ವಯಸ್ಸು, ಸಲಿಗೆ, ಅಧಿಕಾರಗಳೆಲ್ಲವೂ ಅಡಗಿವೆ. ಅರ್ಥವನ್ನು ಸಂಗ್ರಹಿಸಿದವರು ಸಂಬಂಧವನ್ನು ಸಂಗ್ರಹಿಸಲಾರರು.

ಉದ್ಯಾನದ ಹೆಸರೇ ಈ ಕೊರತೆಯನ್ನು ಸೂಚಿಸುವಂತಿದೆ. 1897ರಲ್ಲಿ ಪ್ರಕಟವಾದ 'ಬಡವನ ಸ್ವಗತಗಳು' ಎಂಬ ಸಂಕಲನದಲ್ಲಿ ರಿಕ್ತುಸನು ಪ್ಯಾರಿಸಿನ ಬೀದಿಯ ಆಡುಮಾತನ್ನೇ ಕಾವ್ಯಕ್ಕೆ ತಂದನು. ಅವನಲ್ಲಿ ಮಾತಿಗೆ ಹಸಿವಿದೆ, ಚಳಿಯಿದೆ, ಆಡುವವನ ಮುಖವಿದೆ. ಭಿತ್ತಿಯ ವಾಕ್ಯಕ್ಕೆ ಇವು ಯಾವುವೂ ಇಲ್ಲ. ಅಲ್ಲಲ್ಲಿ ಚೆದರಿರುವ ಕೆಂಪು ತುಣುಕುಗಳು ಒಡೆದ ಹೃದಯದ ಚೂರುಗಳೆಂದು ವಿವರಣೆಯುಂಟು. ವಿವರಣೆಯ ಊರುಗೋಲಿಲ್ಲದೆ ನಡೆಯಲಾರದ ಪ್ರತೀಕ ದುರ್ಬಲವೆಂದೇ ನಮ್ಮ ಮತ.

ಇಷ್ಟಾದರೂ ಭಿತ್ತಿಯ ಮುಂದೆ ನಿಂತವರ ವರ್ತನೆ ನಮ್ಮ ಆಕ್ಷೇಪವನ್ನು ಸಡಿಲಿಸುತ್ತದೆ. ಅಲ್ಲಿಗೆ ಹೋದವನ ಕಣ್ಣು ಮೊದಲು ತನ್ನ ಲಿಪಿಯನ್ನು ಅರಸುತ್ತದೆ. ತಾನು ಬಲ್ಲ ಒಂದೆರಡು ಸಾಲುಗಳನ್ನುಳಿದು ಮಿಕ್ಕದ್ದೆಲ್ಲವೂ ಅವನಿಗೆ ಬರಿಯ ರೇಖೆ. ಆ ರೇಖೆಗಳು ಯಾರಿಗೋ ಜೀವದ ಮಾತೆಂಬ ಅರಿವು ಆಗ ಅವನಲ್ಲಿ ಹುಟ್ಟುತ್ತದೆ. ಪ್ರೇಮದ ಮಾತಿನ ಸ್ವಭಾವವೂ ಇದೇ ಅಲ್ಲವೆ? ಉದ್ದೇಶಿತನಾದ ಒಬ್ಬನಿಗೆ ಮಾತ್ರ ಅದು ವಾಕ್ಯ, ಉಳಿದವರಿಗೆ ಚಿತ್ರ. ಹೀಗೆ, ಅನುವಾದದಲ್ಲಿ ಸೋತ ಈ ಕೃತಿ ಅನುವಾದವಾಗದಿರುವಲ್ಲಿಯೇ ಗೆಲ್ಲುತ್ತದೆ. ಬೇರ್ಪಡಿಸುವುದಕ್ಕೆಂದೇ ಕಟ್ಟುವ ಗೋಡೆಯು, ಅರಿಯದ ಮಾತಿನ ಮುಂದೆ ಅರೆಗಳಿಗೆ ಗೌರವದಿಂದ ನಿಲ್ಲುವುದನ್ನು ಕಲಿಸಿದರೆ, ಅದರ ನಿರ್ಮಾಣ ಸಾರ್ಥಕವೆಂದೇ ನಾವು ಭಾವಿಸುತ್ತೇವೆ.