ಹರ್ಡೇಕರ ಮಂಜಪ್ಪನವರ ಬಸವದರ್ಶನ: ಒಂದು ವಿಮರ್ಶೆ

ಹರ್ಡೇಕರ ಮಂಜಪ್ಪನವರನ್ನು (1886–1947) ‘ಕರ್ನಾಟಕದ ಗಾಂಧಿ’ ಎಂದು ಕರೆಯುವುದು ನಾಡಿನಲ್ಲಿ ರೂಢಿಯಾಗಿದೆ. ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರಗಳ ಬಸವ ಜಯಂತಿಯ ಸಭೆಗಳಲ್ಲಿಯೂ ಈ ಬಿರುದು ಕೇಳಿಬರುತ್ತದೆ. ಅದರ ಬೆನ್ನಿಗೇ, ಶರಣರ ಕಾಯಕವೇ ಗಾಂಧೀಜಿಯ ಚರಕದಲ್ಲಿ ಮರುಹುಟ್ಟು ಪಡೆಯಿತೆಂಬ ಮಾತೂ ಬರುತ್ತದೆ. ಎರಡೂ ಭಕ್ತಿಯಿಂದ ಹುಟ್ಟಿದ ಮಾತುಗಳೇ. ಆದರೆ ಕಾಲಕ್ರಮವನ್ನೂ ವಚನಗಳನ್ನೂ ಎದುರಿಗಿಟ್ಟುಕೊಂಡು ನೋಡಿದಾಗ ಅವು ನಿಲ್ಲುವಂತೆ ತೋರುವುದಿಲ್ಲ.

ಬನವಾಸಿಯಲ್ಲಿ ಜನಿಸಿದ ಮಂಜಪ್ಪನವರು ಶಿರಸಿಯಲ್ಲಿ ಶಾಲಾ ಶಿಕ್ಷಕರಾಗಿದ್ದರು. 1905ರ ಬಂಗಾಳ ವಿಭಜನೆಯಿಂದ ಎದ್ದ ಸ್ವದೇಶೀ ಚಳವಳಿಯ ಬಿಸಿ ತಟ್ಟಿದಾಗ, 1906ರಲ್ಲಿ, ಆ ಹುದ್ದೆಯನ್ನು ತೊರೆದು ದಾವಣಗೆರೆಯಲ್ಲಿ ‘ಧನುರ್ಧಾರಿ’ ಪತ್ರಿಕೆಯನ್ನು ಆರಂಭಿಸಿದರು. ತಿಂಗಳ ಸಂಬಳದ ಮಾಸ್ತರಿಕೆಯನ್ನು ಇಪ್ಪತ್ತರ ವಯಸ್ಸಿನಲ್ಲಿ ಬಿಡುವುದೆಂದರೇನೆಂಬುದನ್ನು ಆ ವೃತ್ತಿಯಲ್ಲಿ ಸವೆದವರೇ ಬಲ್ಲರು. ಆಗ ಗಾಂಧೀಜಿ ಇನ್ನೂ ದಕ್ಷಿಣ ಆಫ್ರಿಕದಲ್ಲಿದ್ದರು. ಅವರು ಭಾರತಕ್ಕೆ ಮರಳಿದ್ದು 1915ರಲ್ಲಿ. ಅಂದಮೇಲೆ ಈ ತ್ಯಾಗಕ್ಕೆ ಗಾಂಧೀಜಿಯ ಹೆಸರಿನ ಮುದ್ರೆ ಒತ್ತುವುದು ನ್ಯಾಯವಲ್ಲ. ಅಂದು ಅವರಿಗೆ ದಾರಿದೀಪವಾಗಿದ್ದವರು ತಿಲಕರು.

ಮೃತ್ಯುಂಜಯ ಸ್ವಾಮಿಗಳ ಬೆಂಬಲದಿಂದ 1913ರಲ್ಲಿ ದಾವಣಗೆರೆಯಲ್ಲಿ ಅವರು ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಿದರು. ತಿಲಕರು 1893ರಲ್ಲಿ ಗಣೇಶೋತ್ಸವವನ್ನು ಮನೆಯಿಂದ ಬೀದಿಗೆ ತಂದ ಮಾದರಿ ಇಲ್ಲಿ ಸ್ಪಷ್ಟವಾಗಿದೆ. 1908ರ ಪತ್ರಿಕಾ ನಿರ್ಬಂಧವಿದ್ದ ಮೈಸೂರು ಸಂಸ್ಥಾನದಲ್ಲಿ ಧಾರ್ಮಿಕ ಸಭೆಗಿದ್ದ ಅವಕಾಶ ರಾಜಕೀಯ ಲೇಖನಿಗೆ ಇರಲಿಲ್ಲವೆಂಬುದೂ ಗಮನಾರ್ಹ.

ಇಲ್ಲಿ ಸಾಹಿತ್ಯ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿಯೊಂದಿದೆ. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದದ್ದು 1923ರಲ್ಲಿ. ಜಯಂತಿ ಅದಕ್ಕಿಂತ ಹತ್ತು ವರ್ಷ ಹಿಂದಿನದು. ಎಂದರೆ, ವಚನಗಳ ವಿಪುಲ ಸಂಕಲನ ಓದುಗರ ಕೈಸೇರುವ ಮುನ್ನವೇ ಬಸವಣ್ಣನವರು ರಾಷ್ಟ್ರೀಯ ಜಾಗೃತಿಯ ಪ್ರತೀಕವಾಗಿದ್ದರು. ಅಂದು ಸಭೆ ಸೇರಿದವರಲ್ಲಿ ಹೆಚ್ಚಿನವರು ಕಂಡ ಬಸವಣ್ಣ, ಭೀಮಕವಿಯ 1369ರ ಬಸವಪುರಾಣದ ಬಸವಣ್ಣನೇ ಹೊರತು ವಚನಕಾರ ಬಸವಣ್ಣನಲ್ಲವೆಂದು ನನಗೆ ತೋರುತ್ತದೆ. ಪುರಾಣದ ಬಸವಣ್ಣ ಮಹಿಮಾಪುರುಷ. ವಚನದ ಬಸವಣ್ಣ ತನ್ನನ್ನು ತಾನೇ ತೂಗಿ ನೋಡಿಕೊಳ್ಳುವವನು. ಚಳವಳಿಗೆ ಮೊದಲನೆಯವನು ಬೇಕಾಗಿದ್ದ. ಎರಡನೆಯವನು ಆಮೇಲೆ ಬಂದ.

ಇನ್ನು ಕಾಯಕ ಮತ್ತು ಚರಕ. ಚರಕ ತಿರುಗಿದ್ದು ಲ್ಯಾಂಕಶೈರಿನ ಬಟ್ಟೆಗೆ ಎದುರಾಗಿ. ಅದರ ಹಿಂದೆ ಪರದೇಶೀ ಪ್ರಭುತ್ವದ ಪ್ರಶ್ನೆಯಿದೆ. ನುಲಿಯ ಚಂದಯ್ಯ ಹಗ್ಗ ಹೊಸೆದದ್ದು ಯಾವ ಹಗ್ಗಕ್ಕೂ ಎದುರಾಗಿ ಅಲ್ಲ. ಅವನ ದುಡಿಮೆ ಜಂಗಮ ದಾಸೋಹಕ್ಕೆ ಮೀಸಲಾಗಿತ್ತು. ದಾಸೋಹವನ್ನು ಕಳೆದು ಕಾಯಕವನ್ನು ಮಾತ್ರ ಎತ್ತಿಕೊಂಡರೆ ಉಳಿಯುವುದು ಬರಿಯ ದುಡಿಮೆ. ಆದರೆ ಹೋಲಿಕೆ ಎಲ್ಲಿಯೂ ಇಲ್ಲವೆನ್ನಲಾಗದು. ಮಾರಯ್ಯ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಿರುಗಿಸೆಂದ ಆಯ್ದಕ್ಕಿ ಲಕ್ಕಮ್ಮನ ನಿಲುವಿಗೂ ಗಾಂಧೀಜಿಯ ಅಪರಿಗ್ರಹಕ್ಕೂ ನಿಜವಾದ ನಂಟಿದೆ. ನಮ್ಮ ಭಾಷಣಕಾರರು ನೂಲಿನ ಬದಲು ಈ ಅಕ್ಕಿಯನ್ನು ಹಿಡಿದಿದ್ದರೆ ವಾದ ಗಟ್ಟಿಯಾಗುತ್ತಿತ್ತು.

ಗಾಂಧೀ ಪ್ರಭಾವ ಆಳವಾದ ಮೇಲೆ, 1927ರಲ್ಲಿ, ಮಂಜಪ್ಪನವರು ಕೃಷ್ಣಾತೀರದ ಆಲಮಟ್ಟಿಯಲ್ಲಿ ವಿದ್ಯಾಲಯವನ್ನು ಕಟ್ಟಿದರು. ಸ್ವಾತಂತ್ರ್ಯ ಬರುವ ಮೊದಲೇ, 1947ರ ಜನವರಿಯಲ್ಲಿ, ಲಿಂಗೈಕ್ಯರಾದರು. ಅವರ ಬರಹಗಳನ್ನು 1923ರ ಹಿಂದಿನವು, ಮುಂದಿನವು ಎಂದು ವಿಂಗಡಿಸಿ ಓದಬೇಕು. ಪುರಾಣದ ಬಸವಣ್ಣ ಎಲ್ಲಿ ಹಿಂದೆ ಸರಿದು ವಚನದ ಬಸವಣ್ಣ ಎಲ್ಲಿ ಮುಂದೆ ಬರುತ್ತಾನೆಂಬುದನ್ನು ಪುಟಪುಟದಲ್ಲಿ ಗುರುತಿಸುವ ಕೆಲಸವನ್ನು ತರುಣ ವಿದ್ಯಾರ್ಥಿಗಳು ಕೈಗೊಳ್ಳಬಹುದು.