ಕೌದಿಯ ಹಿಂಬದಿ: ಮನೆಯ ಹೊಲಿಗೆಯಿಂದ ಮೇಳದ ಮಳಿಗೆಯವರೆಗೆ

ಕನ್ನಡ ಜಾನಪದ ಅಧ್ಯಯನವು ಬಹುಮಟ್ಟಿಗೆ ಕಿವಿಯನ್ನು ನಂಬಿ ಬೆಳೆದ ಶಿಸ್ತು. ತ್ರಿಪದಿ, ಲಾವಣಿ, ಗೀಗೀಪದ, ಜನಪದ ಮಹಾಕಾವ್ಯ, ಗಾದೆ, ಒಗಟುಗಳ ಸಂಗ್ರಹ ಮತ್ತು ವಿಶ್ಲೇಷಣೆಯಲ್ಲಿ ಅದು ಸಾಧಿಸಿರುವುದು ಸಣ್ಣದಲ್ಲ. ಆದರೆ ಬೀಸುವ ಪದಗಳನ್ನು ಬರೆದುಕೊಳ್ಳಲು ಹಳ್ಳಿಯ ಪಡಸಾಲೆಯಲ್ಲಿ ಕುಳಿತ ಸಂಗ್ರಾಹಕರು, ತಮಗೆ ಹಾಸಿಕೊಟ್ಟ ಕೌದಿಯ ಕುರಿತು ಟಿಪ್ಪಣಿ ಮಾಡಿಕೊಂಡದ್ದು ವಿರಳ. ಬಂಗಾಳದಲ್ಲಿ ಗುರುಸದಯ ದತ್ತ ಅವರು ಕಾಂಥಾ ಹೊದಿಕೆಗಳನ್ನು ಹಾಡು ಕುಣಿತಗಳಷ್ಟೇ ಆಸ್ಥೆಯಿಂದ ಸಂಗ್ರಹಿಸಿದರು. ಸ್ಟೆಲ್ಲಾ ಕ್ರಾಮ್ರಿಷ್ 1939ರಷ್ಟು ಹಿಂದೆಯೇ ಅವುಗಳ ಮೇಲೆ ಪ್ರಬಂಧ ಬರೆದರು. ಕೌದಿಗೆ ಅಂತಹ ಭಾಗ್ಯ ಒದಗಲಿಲ್ಲ. ಇದರ ಪರಿಣಾಮ ಇತ್ತೀಚಿನ ದಶಕಗಳಲ್ಲಿ ಗೋಚರವಾಗಿದೆ. ಕರಕುಶಲ ಮೇಳಗಳ ಮಳಿಗೆಗಳಿಗೆ ಕೌದಿ ಪ್ರವೇಶ ಪಡೆದಾಗ, ಅದರ ಗುಣಾವಗುಣಗಳನ್ನು ಅಳೆಯುವ ಮಾನದಂಡ ಜಾನಪದ ವಿದ್ವತ್ತಿನ ಬಳಿ ಸಿದ್ಧವಿರಲಿಲ್ಲ. ಆ ಮಾನದಂಡವನ್ನು ಮಳಿಗೆಯೇ ಒದಗಿಸಿತು. ಮಳಿಗೆಯ ಮಾನದಂಡ ಕೌದಿಯ ಮುಖವನ್ನಷ್ಟೇ ನೋಡುತ್ತದೆ. ಹೊಲಿಯುವವರ ಮಾನದಂಡ ಅದರ ಹಿಂಬದಿಯಲ್ಲಿದೆ.

ಉಟ್ಟು ಹಳತಾದ ಸೀರೆ, ಧೋತರ, ಕುಪ್ಪಸಗಳನ್ನು ಪದರಪದರವಾಗಿ ಹಾಸಿ, ಮೇಲ್ಮೈಗೆ ಬಣ್ಣದ ತುಂಡುಗಳನ್ನು ಜೋಡಿಸಿ, ಉದ್ದಕ್ಕೂ ಓಟದ ಹೊಲಿಗೆ ಹಾಕಿ ಸಿದ್ಧಪಡಿಸುವ ಹಾಸಿಗೆ ಹೊದಿಕೆಯೇ ಕೌದಿ. ಉತ್ತರ ಕರ್ನಾಟಕದ ಬಯಲುಸೀಮೆ ಇದರ ಮುಖ್ಯ ನೆಲೆ. ಮಹಾರಾಷ್ಟ್ರದ ಗೋಧಡಿ ಇದರ ನೆರೆಯ ರೂಪ. ಹವಾಮಾನಕ್ಕೂ ಈ ಹಂಚಿಕೆಗೂ ಸಂಬಂಧವಿದೆ. ಕೊಪ್ಪ ತಾಲ್ಲೂಕಿನ ನಾರ್ವೆಯಂತಹ ಮಲೆನಾಡಿನ ಊರುಗಳಲ್ಲಿ ತಿಂಗಳುಗಟ್ಟಲೆ ಬಿಡದೆ ಸುರಿಯುವ ಮಳೆಗೆ ಹಲವು ಪದರದ ಹತ್ತಿಯ ಹೊದಿಕೆ ಒಮ್ಮೆ ನೆನೆದರೆ ಒಣಗುವುದೇ ಕಷ್ಟ. ಅಲ್ಲಿ ಮೈಗೂ ತಲೆಗೂ ಕಂಬಳಿಯೇ ಗತಿ, ಕಂಬಳಿಕೊಪ್ಪೆ ಆ ಸೀಮೆಯ ಗುರುತೇ ಆಗಿತ್ತು. ಬಿಸಿಲು ಧಾರಾಳವಾಗಿರುವ, ಹತ್ತಿ ಬೆಳೆಯುವ, ಇಳಕಲ್ಲಿನ ಸೀರೆ ಮತ್ತು ಗುಳೇದಗುಡ್ಡದ ಖಣ ನಿತ್ಯದ ಉಡುಗೆಯಾಗಿದ್ದ ಪ್ರದೇಶದಲ್ಲಿ ಕೌದಿ ನೆಲೆಗೊಂಡದ್ದು ಆಕಸ್ಮಿಕವಲ್ಲ.

ಕೌದಿಗೆ ಹಳೆಯ ಬಟ್ಟೆಯನ್ನೇ ಆಯ್ದುಕೊಳ್ಳುವುದನ್ನು ಬಡತನದ ಲಕ್ಷಣವೆಂದು ಓದುವುದು ಸುಲಭ, ಆದರೆ ಅದು ಅರ್ಧ ಸತ್ಯ. ನೂರಾರು ಸಲ ಒಗೆದ ಹತ್ತಿ ಬಟ್ಟೆ ಗಂಜಿಯನ್ನು ಕಳೆದುಕೊಂಡು ಮೆತ್ತಗಾಗಿರುತ್ತದೆ. ಸೂಜಿ ಐದಾರು ಪದರಗಳನ್ನು ದಾಟಬೇಕಾದಾಗ ಈ ಮೆದುತನವೇ ಹೊಲಿಯುವವಳಿಗೆ ಆಸರೆ. ಹೊಸ ಬಟ್ಟೆ ಒಗೆದಾಗ ಕುಗ್ಗುತ್ತದೆ, ಪದರಗಳು ಒಂದೊಂದೂ ಒಂದೊಂದು ಪ್ರಮಾಣದಲ್ಲಿ ಕುಗ್ಗಿದರೆ ಹೊದಿಕೆ ಸೊಟ್ಟಗಾಗುತ್ತದೆ. ಹಳೆಯದು ಕುಗ್ಗಬೇಕಾದಷ್ಟು ಕುಗ್ಗಿಯಾಗಿರುತ್ತದೆ. ಕೃತಕ ನೂಲಿನ ಸೀರೆಗಳು ಹಳ್ಳಿಗಳನ್ನು ತಲುಪಿದ ಮೇಲೆ ಈ ಲೆಕ್ಕಾಚಾರ ಏರುಪೇರಾಯಿತು. ಅವು ಹರಿಯುವುದಿಲ್ಲ, ಬಣ್ಣ ಬಿಡುವುದಿಲ್ಲ, ಆದರೆ ಜಾರುತ್ತವೆ, ಬೆವರು ಹೀರುವುದಿಲ್ಲ. ಮೇಲ್ಮೈಯಲ್ಲಿ ಹೊಳೆಯುವ ನೈಲಾನ್, ಒಳಗೆ ಹತ್ತಿ ಎಂಬ ಹೊಂದಾಣಿಕೆ ಇದರಿಂದ ಹುಟ್ಟಿತು.

ಹೊಲಿಗೆಯ ಕ್ರಮವೂ ಗಮನಾರ್ಹ. ತಳಕ್ಕೆ ಇಡೀ ಸೀರೆಯೊಂದನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹರಡಲಾಗುತ್ತದೆ. ಅದರ ಮೇಲೆ ಹರಕು, ಮಾಸಲು ಬಟ್ಟೆಗಳು ಒಳಪದರವಾಗಿ ಬರುತ್ತವೆ. ತುದಿಗಳನ್ನು ಒಳಕ್ಕೆ ಮಡಚಿ ಅಂಚು ಕಟ್ಟಿದ ನಂತರ ಸಾಲು ಹೊಲಿಗೆ. ಇಬ್ಬರು ಮೂವರು ಹೆಂಗಸರು ಬದಿಬದಿಯಲ್ಲಿ ಕುಳಿತು ಹೊಲಿದರೆ, ಮುಗಿದ ಮೇಲೂ ಯಾವ ಸಾಲು ಯಾರದು ಎಂದು ಅವರೇ ಗುರುತಿಸಬಲ್ಲರು. ಗುರುತಿಸುವುದು ಮಗುಚಿ ನೋಡಿ. ಮೇಲಿನ ತುಂಡುಗಳ ಬಣ್ಣ ಕಣ್ಣನ್ನು ಸೆಳೆಯುವುದರಿಂದ ಹೊಲಿಗೆ ಅಲ್ಲಿ ಮರೆಯಾಗುತ್ತದೆ. ತಳದ ಒಂದೇ ಬಣ್ಣದ ಸೀರೆಯ ಮೇಲೆ ಸೂಜಿಯ ಪ್ರತಿಯೊಂದು ಹೆಜ್ಜೆಯೂ ಬಯಲಾಗುತ್ತದೆ. ಹೊಲಿಗೆ ಒತ್ತಾಗಿದೆಯೇ, ಸಾಲು ಎಲ್ಲಿ ಬಾಗಿದೆ, ದಾರ ಎಲ್ಲಿ ಮುಗಿದು ಮತ್ತೆ ಶುರುವಾಗಿದೆ ಎಂಬುದೆಲ್ಲ ಹಿಂಬದಿಯಲ್ಲಿ ಓದಲು ಸಿಗುತ್ತದೆ. ಧಾರವಾಡ ಸೀಮೆಯ ಕಸೂತಿಯಲ್ಲೂ ಇದೇ ಬಗೆಯ ಪರೀಕ್ಷೆ ಇದೆ: ಗವಂತಿ ಹೊಲಿಗೆಯಲ್ಲಿ ಗಂಟು ಕಾಣಬಾರದು, ಎರಡೂ ಬದಿ ಒಂದೇ ಆಗಿರಬೇಕು.

ಕೌದಿಯ ಕುರಿತ ಜನಪ್ರಿಯ ಬರಹಗಳಲ್ಲಿ ಅಜ್ಜಿಯ ಪ್ರೀತಿ, ಮೊಮ್ಮಗುವಿನ ತೊಟ್ಟಿಲು, ಮಾರಾಟಕ್ಕಿಲ್ಲದ ಮಮತೆ ಇತ್ಯಾದಿ ಚಿತ್ರಗಳು ಪದೇ ಪದೇ ಬರುತ್ತವೆ. ಇವು ಸುಳ್ಳಲ್ಲ. ಆದರೆ ಇವುಗಳಿಂದ ಹೊರಡುವ ತೀರ್ಮಾನ, ಅಂದರೆ ಹಿಂದೆ ಕೌದಿ ಹಣದ ವ್ಯವಹಾರದ ಆಚೆಗಿತ್ತು, ಮೇಳಗಳು ಬಂದು ಅದನ್ನು ಸರಕಾಗಿಸಿದವು ಎಂಬ ತೀರ್ಮಾನ, ಪರಿಶೀಲನೆಯಲ್ಲಿ ನಿಲ್ಲುವುದಿಲ್ಲ. ಗೊಂದಲಿಗರೇ ಮೊದಲಾದ ಅಲೆಮಾರಿ ಹಿನ್ನೆಲೆಯ ಸಮುದಾಯಗಳ ಹೆಂಗಸರು ಊರೂರು ತಿರುಗಿ, ಕೂಲಿಗೆ ಕೌದಿ ಹೊಲಿದುಕೊಡುವ ರೂಢಿ ಉತ್ತರ ಕರ್ನಾಟಕದಲ್ಲಿ ಮೇಳಗಳಿಗಿಂತ ಹಳೆಯದು. ಹಳೆಯ ಬಟ್ಟೆಗೆ ಪಾತ್ರೆ ಕೊಡುವ ವ್ಯಾಪಾರವೂ ಇದರ ಪಕ್ಕದಲ್ಲೇ ನಡೆಯುತ್ತಿತ್ತು. ಹಾಗಾಗಿ ಹರಕು ಬಟ್ಟೆಗೂ ಬೆಲೆಯಿತ್ತು, ಹೊಲಿಗೆಗೂ ಬೆಲೆಯಿತ್ತು.

ಮನೆಬಾಗಿಲಿನ ಹೊಲಿಗೆಗೂ ಮೇಳದ ಮಾರಾಟಕ್ಕೂ ಇರುವ ನಿಜವಾದ ಅಂತರ ಬೇರೆಡೆ ಇದೆ. ಮನೆಬಾಗಿಲಿನಲ್ಲಿ ಬಟ್ಟೆ ಮನೆಯವರದು, ದುಡಿಮೆ ಹೊಲಿಯುವವಳದು. ಚೌಕಾಸಿ ನಡೆಯುತ್ತಿದ್ದುದು ದುಡಿಮೆಯ ಮೇಲೆ ಮಾತ್ರ. ಎಷ್ಟು ಅಗಲ, ಎಷ್ಟು ಪದರ, ಎಷ್ಟು ಒತ್ತು ಹೊಲಿಗೆ ಎಂಬುದೆಲ್ಲ ಮೊದಲೇ ಗೊತ್ತಾಗಿ, ಕೂಲಿ ಕೂಲಿಯಾಗಿಯೇ ಕಾಣುತ್ತಿತ್ತು. ಅದು ನ್ಯಾಯವಾದ ಕೂಲಿಯಾಗಿತ್ತೆಂದು ಹೇಳಲಾಗದು. ಕಾಳುಕಡಿ, ಹಳೆಯ ಬಟ್ಟೆ, ಒಂದಿಷ್ಟು ದುಡ್ಡಿನಲ್ಲಿ ವ್ಯವಹಾರ ಮುಗಿಯುತ್ತಿದ್ದುದುಂಟು. ಆದರೂ ಕೊಳ್ಳುವವಳಿಗೆ ತಾನು ಕೊಳ್ಳುತ್ತಿರುವುದು ಇನ್ನೊಬ್ಬಳ ದಿನಗಳನ್ನು ಎಂಬುದು ತಿಳಿದಿತ್ತು. ಮೇಳದಲ್ಲಿ ಬಟ್ಟೆಯ ಬಂಡವಾಳ, ದಾರ, ಪ್ರಯಾಣ, ಮಾರದೆ ಉಳಿಯುವ ಸರಕಿನ ಭಾರ ಇವೆಲ್ಲ ಹೊಲಿದವಳ ಹೆಗಲಿಗೆ ವರ್ಗವಾದವು. ದುಡಿಮೆಯೋ ಒಂದೇ ಚೀಟಿಯ ಬೆಲೆಯೊಳಗೆ ಅಡಗಿಹೋಯಿತು. ಕೊಳ್ಳುವವರು ಆ ಬೆಲೆಯನ್ನು ಪಕ್ಕದ ಮಳಿಗೆಯ ಯಂತ್ರದ ಹೊದಿಕೆಯ ಬೆಲೆಯೊಂದಿಗೆ ಹೋಲಿಸಿ ನೋಡುತ್ತಾರೆ. ವಾರಗಟ್ಟಲೆಯ ಕೈಹೊಲಿಗೆ ಆ ಹೋಲಿಕೆಯಲ್ಲಿ ಗೆಲ್ಲುವುದೆಂತು?

2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಸ್ವಸಹಾಯ ಗುಂಪುಗಳು, ಸರಸ್ ಮೇಳಗಳು, ದಸರಾ ವಸ್ತುಪ್ರದರ್ಶನ, ನಗರಗಳ ಖಾಸಗಿ ಕರಕುಶಲ ಸಂತೆಗಳು ಹಳ್ಳಿಯ ಹೊಲಿಗೆಗೆ ಹೊಸ ಕೊಳ್ಳುವವರನ್ನು ತಂದುಕೊಟ್ಟವು ಎಂಬುದನ್ನು ಅಲ್ಲಗಳೆಯಲಾಗದು. ಈ ಕೊಳ್ಳುವವರ ಮೊದಲ ಪ್ರಶ್ನೆ ಬಹುತೇಕ ಒಂದೇ: ಇದು ಹಳೆಯ ಬಟ್ಟೆಯದೇ? ಅಪರಿಚಿತರು ಉಟ್ಟ ಸೀರೆಯನ್ನು ಹೊದೆಯಲು ಹಿಂಜರಿಕೆ ಸಹಜ. ಅದರ ಹಿಂದೆ ಮೈಲಿಗೆಯ ಹಳೆಯ ಕಲ್ಪನೆಯೂ ಇರಬಹುದು, ಶುಚಿತ್ವದ ಹೊಸ ಕಲ್ಪನೆಯೂ ಇರಬಹುದು. ಹೀಗಾಗಿ ಮೇಳದ ಕೌದಿ ದರ್ಜಿಯಂಗಡಿಯ ಹೊಸ ತುಂಡುಗಳನ್ನು, ಥಾನಿನ ಬಟ್ಟೆಯನ್ನು ಅವಲಂಬಿಸತೊಡಗಿತು. ಮನೆಯ ಕೌದಿಯಲ್ಲಿ ಇದು ಅವ್ವನ ಸೀರೆ, ಇದು ತಂಗಿಯ ಲಂಗ ಎಂದು ಬೆರಳಿಟ್ಟು ತೋರಿಸಬಹುದಾಗಿದ್ದ ತುಂಡುಗಳು ಇಲ್ಲಿ ಬರಿಯ ಬಣ್ಣಗಳಾಗುತ್ತವೆ. ಕೌದಿಯ ಗಾತ್ರವೂ ಕುಗ್ಗಿತು. ಬಸ್ಸಿನಲ್ಲಿ ಹೊತ್ತೊಯ್ಯಲು ಹಗುರವಾದ ಕೈಚೀಲ, ದಿಂಬಿನ ಕವಚ, ಮೊಬೈಲ್ ಚೀಲಗಳು ಮುಂದಿನ ಸಾಲಿಗೆ ಬಂದವು. ಸಂಪ್ರದಾಯದ ಪಕ್ಷಪಾತಿಗಳು ಇವನ್ನು ಹೀಗಳೆಯುವುದುಂಟು. ಒಂದು ದಿನದಲ್ಲಿ ಮುಗಿಯುವ, ಕಳೆ ಕೀಳುವ ಕೆಲಸದ ನಡುವೆ ಹೊಲಿಯಬಹುದಾದ, ಮಾರಿದೊಡನೆ ಕೈಗೆ ದುಡ್ಡು ತರುವ ಚೀಲವನ್ನು ಹೆಂಗಸರು ಆಯ್ದುಕೊಂಡದ್ದು ಅವಿವೇಕವೇನಲ್ಲ.

ಉತ್ತರ ಕನ್ನಡದ ಸಿದ್ದಿಯರ ಕವಂದಿ ಈ ಚರ್ಚೆಗೆ ಮತ್ತೊಂದು ಮುಖ ಒದಗಿಸುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿ ಮನೆಗಳಲ್ಲಿ ಹೆಂಗಸರು ಅಂಚಿನಿಂದ ಆರಂಭಿಸಿ ಸುತ್ತು ಬರುತ್ತಾ ನಡುವಿಗೆ ತಲುಪುವಂತೆ ಹೊಲಿಯುತ್ತಾರೆ. ನಾಲ್ಕು ಮೂಲೆಗಳಲ್ಲಿ ಮಡಚಿಟ್ಟ ತ್ರಿಕೋನದ ಬಟ್ಟೆಗಳೇ ಹೂವುಗಳು. ಅವಿಲ್ಲದಿದ್ದರೆ ಕವಂದಿ ಬತ್ತಲೆಯೆಂಬ ಭಾವನೆ ಅವರಲ್ಲಿದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು 2004ರಿಂದ ಈ ಹೊದಿಕೆಗಳ ಅಧ್ಯಯನದಲ್ಲಿ ತೊಡಗಿ, ಹೆಂಗಸರ ಸಹಕಾರಿ ಗುಂಪು ರೂಪುಗೊಳ್ಳಲು ನೆರವಾದರು. ಕವಂದಿಗಳು ಅಮೆರಿಕದ ಪ್ರದರ್ಶನಗಳಿಗೆ ಹೋದವು. ಇಂದು ಪಾಶ್ಚಾತ್ಯ ಹೊಲಿಗೆ ಹವ್ಯಾಸಿಗಳ ನಡುವೆ ಕವಂದಿ ಎಂಬುದು ಒಂದು ಹೊಲಿಗೆ ಕ್ರಮದ ಹೆಸರೇ ಆಗಿದೆ. ಹೂವಿನ ಮಹತ್ವವನ್ನು, ಒಬ್ಬೊಬ್ಬ ಹೊಲಿಯುವವಳ ಬಣ್ಣದ ಒಲವನ್ನು ದಾಖಲಿಸಿದ್ದು ಈ ಅಧ್ಯಯನದ ದೊಡ್ಡ ಕೊಡುಗೆ. ಆದರೆ ಪ್ರದರ್ಶನದ ಗೋಡೆಯಲ್ಲಿ ಕವಂದಿಯ ಆಫ್ರಿಕನ್ ಮೂಲಕ್ಕೆ ಬಿದ್ದಷ್ಟು ಬೆಳಕು, ನೆರೆಯ ಕೌದಿ ಗೋಧಡಿಗಳೊಂದಿಗಿನ ಅದರ ನಂಟಿಗೆ ಬೀಳಲಿಲ್ಲ. ಹಳೆಯ ಬಟ್ಟೆ, ಪದರ, ಓಟದ ಹೊಲಿಗೆ ಇವು ದಖ್ಖನಿನ ಅನೇಕ ಸಮುದಾಯಗಳ ಸಮಾನ ಸ್ವತ್ತು. ಮೂಲದ ಕಥೆ ಮಾರಾಟಕ್ಕೆ ನೆರವಾಗುತ್ತದೆ. ನೆರೆಹೊರೆಯ ಕಥೆಗೆ ಅಂತಹ ಆಕರ್ಷಣೆಯಿಲ್ಲ. ಈ ತುಲನಾತ್ಮಕ ಕೆಲಸವನ್ನು ಕನ್ನಡದ ವಿದ್ವಾಂಸರು ಮಾಡಬೇಕಿತ್ತು.

ಸಂಡೂರಿನ ಲಂಬಾಣಿ ಕಸೂತಿಯ ನಿದರ್ಶನ ಸಂಸ್ಥೆಯ ಪಾತ್ರವನ್ನು ಮುನ್ನೆಲೆಗೆ ತರುತ್ತದೆ. ಫೇಟಿಯಾ, ಕಾಂಚಳಿಗಳ ಮೇಲಿನ ಕನ್ನಡಿ, ಕವಡೆ, ದಾರದ ಕೆಲಸ ಸಂಡೂರು ಕುಶಲ ಕಲಾ ಕೇಂದ್ರದ ಮೂಲಕ ಚೀಲ, ಹೊದಿಕೆ, ಸಿದ್ಧ ಉಡುಪುಗಳಿಗೆ ಹರಿಯಿತು. 2010ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಮೇಳದಿಂದ ಮೇಳಕ್ಕೆ ಗಂಟು ಹೊತ್ತು ತಿರುಗುವ ಬಿಡಿ ಕುಶಲಕರ್ಮಿಗೆ ಹೋಲಿಸಿದರೆ ಸಂಸ್ಥೆಯ ಆಸರೆ ಇರುವವಳ ಸ್ಥಿತಿ ಭದ್ರ. ಭೌಗೋಳಿಕ ಗುರುತು ಊರಿನ ಹೆಸರನ್ನು ಕಾಯುತ್ತದೆ, ಆ ಹೆಸರಿನಲ್ಲಿ ಯಂತ್ರದ ನಕಲು ಮಾರುವವರನ್ನು ತಡೆಯಲು ಕಾನೂನಿನ ದಾರಿ ಕೊಡುತ್ತದೆ. ಹೊಲಿದವಳ ಹೆಸರನ್ನು ಸರಕಿನ ಮೇಲೆ ಬರೆಯುವುದು ಅದರ ಉದ್ದೇಶವಲ್ಲ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಕಾರ್ಯಪಡೆಯ ಸಭೆಯ ಸಂದರ್ಭದಲ್ಲಿ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕೈಯಿಂದ ಸಿದ್ಧವಾದ 1755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಸ್ಥಾಪಿಸಲಾಯಿತು. ಲಂಬಾಣಿ ಹೊಲಿಗೆಗೆ ಅಷ್ಟು ದೊಡ್ಡ ವೇದಿಕೆ ಸಿಕ್ಕಿದ್ದು ಸಂತೋಷದ ಸಂಗತಿ. ಆದರೆ ಒಂದು ಕಸೂತಿಯ ತುಂಡು ಮತ್ತೊಂದಕ್ಕಿಂತ ಏಕೆ ಮೇಲು ಎಂಬ ವಿಮರ್ಶೆಯ ಪ್ರಶ್ನೆಗೆ 1755 ಎಂಬುದು ಉತ್ತರವಾಗದು.

ಹೊರದೇಶದ ಒಂದು ಅನುಭವವನ್ನು ಇಲ್ಲಿ ನೆನೆಯುವುದು ಸೂಕ್ತ. ಅಮೆರಿಕದ ಅಲಬಾಮಾದಲ್ಲಿ ಕಪ್ಪು ಜನಾಂಗದ ಹೆಂಗಸರು 1966ರಲ್ಲಿ ‘ಫ್ರೀಡಂ ಕ್ವಿಲ್ಟಿಂಗ್ ಬೀ’ ಎಂಬ ಸಹಕಾರಿ ಸಂಘ ಕಟ್ಟಿದರು. ನಗರದ ದೊಡ್ಡ ಅಂಗಡಿಗಳಿಗೆ ಒದಗಿಸುವಾಗ ಒಂದೇ ಅಳತೆ, ಒಂದೇ ವಿನ್ಯಾಸ ಕಡ್ಡಾಯವಾಯಿತು. 1972ರಲ್ಲಿ ಸಿಯರ್ಸ್ ಕಂಪನಿಗಾಗಿ ಕಾರ್ಡುರಾಯ್ ಬಟ್ಟೆಯ ದಿಂಬಿನ ಕವಚ ಹೊಲಿಯುವ ಕೆಲಸ ಬಂದಾಗ, ಉಳಿದ ಚೂರುಗಳು ಮನೆಗೆ ಹೋದವು. ಆ ಚೂರುಗಳಿಂದ ಯಾರ ಅಪ್ಪಣೆಯೂ ಇಲ್ಲದೆ ಹೊಲಿದುಕೊಂಡ ಹೊದಿಕೆಗಳೇ ಮುಂದೆ ಕಲಾವಿಮರ್ಶಕರ ಮೆಚ್ಚುಗೆ ಗಳಿಸಿದವು. ಅದೇ ಸೀಮೆಯ ಜೀಸ್ ಬೆಂಡ್ ಹಳ್ಳಿಯ ಹೊದಿಕೆಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದ ಗೋಡೆಯೇರಿದವು, 2006ರಲ್ಲಿ ಅಂಚೆಚೀಟಿಗಳಾದವು. 2007ರಲ್ಲಿ ಕೆಲವು ಹೊಲಿಗೆಗಾರ್ತಿಯರು ತಮ್ಮ ಪಾಲಿನ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಅಲ್ಲಿ ವಿಮರ್ಶೆ ಹೊಲಿದವರನ್ನು ಹೆಸರಿನಿಂದ ಗುರುತಿಸಿತ್ತು, ಆದ್ದರಿಂದಲೇ ಅವರಿಗೆ ಹಕ್ಕು ಕೇಳುವುದು ಸಾಧ್ಯವಾಯಿತು ಎಂಬುದು ಗಮನಿಸಬೇಕಾದ ಅಂಶ.

ಕರ್ನಾಟಕದಲ್ಲಿ ಈ ಗುರುತಿಸುವಿಕೆಗೆ ಆಡಳಿತದ ವಿಂಗಡಣೆಯೂ ತೊಡಕಾಗಿದೆ. ಹಾಡು ಕುಣಿತಗಳು ಜಾನಪದ ಅಕಾಡೆಮಿಯ ವ್ಯಾಪ್ತಿ, ಚಿತ್ರ ಲಲಿತಕಲೆಯದು, ಕೆತ್ತನೆ ಶಿಲ್ಪಕಲೆಯದು. ಹೊಲಿಗೆಯೋ ಕರಕುಶಲ ನಿಗಮದ ಸರಕು ಅಥವಾ ಮಹಿಳಾ ಅಭಿವೃದ್ಧಿಯ ಫಲಾನುಭವಿ ಚಟುವಟಿಕೆ. ನಿಗಮ ಮಾರಾಟದ ಲೆಕ್ಕ ಇಡುತ್ತದೆ, ಇಲಾಖೆ ಫಲಾನುಭವಿಗಳ ಲೆಕ್ಕ ಇಡುತ್ತದೆ. ಹೊಲಿಗೆಯ ಗುಣವನ್ನು ಕುರಿತು ಮಾತನಾಡುವ ಹೊಣೆ ಯಾವ ಕಡತದಲ್ಲೂ ಇಲ್ಲ. ಡೊಳ್ಳಿನ ಹೊಡೆತದಲ್ಲಿ ಒಬ್ಬ ಕಲಾವಿದನಿಗೂ ಇನ್ನೊಬ್ಬನಿಗೂ ಇರುವ ಭೇದವನ್ನು ಸೂಕ್ಷ್ಮವಾಗಿ ಹೇಳಬಲ್ಲ ವಿದ್ವತ್ತು, ಇಬ್ಬರು ಹೆಂಗಸರ ಕೌದಿಗಳ ನಡುವಿನ ಭೇದವನ್ನು ಹೇಳಲು ಇನ್ನೂ ಪರಿಭಾಷೆ ಹುಡುಕಬೇಕಾಗಿದೆ. ಆ ಪರಿಭಾಷೆ ಹೊಲಿಯುವವರ ಬಾಯಲ್ಲಿ ಆಗಲೇ ಇದೆ.

ಜಾನಪದ ವಸ್ತುಸಂಗ್ರಹಾಲಯಗಳು ಕೌದಿಯೊಂದನ್ನು ಸೇರಿಸಿಕೊಳ್ಳುವಾಗ ಊರು, ಉದ್ದ, ಅಗಲಗಳ ಜೊತೆಗೆ ಬಟ್ಟೆ ಯಾರದು, ಹೊಲಿದವರು ಯಾರು, ಒಬ್ಬರೋ ಹಲವರೋ, ಕೂಲಿಗೋ ಮನೆಗೋ ಮೇಳಕ್ಕೋ, ಎಷ್ಟು ದಿನ ಹಿಡಿಯಿತು, ಎಷ್ಟು ದೊರೆಯಿತು ಎಂಬಿಷ್ಟನ್ನು ಬರೆದಿಟ್ಟುಕೊಳ್ಳಬೇಕು. ಛಾಯಾಚಿತ್ರ ಎರಡು ಬೇಕು. ಗಾಜಿನ ಪೆಟ್ಟಿಗೆಯಲ್ಲಿ ಇಡುವುದಾದರೆ ಒಂದು ಮೂಲೆಯನ್ನಾದರೂ ಮಗುಚಿ ಇಟ್ಟಲ್ಲಿ ತಳದ ಸೀರೆಯೂ ಅದರ ಮೇಲಿನ ಸಾಲುಗಳೂ ನೋಡಲು ಸಿಗುತ್ತವೆ.